ಸಣ್ಣಜ್ಜನ ಬಾಡಿಗೆ ಕಿವಿ

ನಿಮ್ಮ ಸಣ್ಣಜ್ಜನಿಗೆ ತೀರ್ಥಹಳ್ಳಿ ಪೇಟೆಯಲ್ಲಿ ಸ್ನೇಹಿತರು ಅಂತ ಯಾರೂ ಇಲ್ಲ, ಆಕಾಶದಲ್ಲಿ ಮಾತ್ರ ಒಬ್ಬ ಖಾಸಾ ನೆಂಟ ಇದ್ದಾನೆ ಎಂದರೆ ನಂಬುತ್ತೀರಾ ಮಕ್ಕಳೇ? ನಾನೂ ನಂಬಿರಲಿಲ್ಲ. ಆ ನೆಂಟನಿಗಾಗಿ ಅವನು ಮದುವೆ ಮನೆಯ ಪಾಯಸ ಬಿಟ್ಟು ಎದ್ದ ದಿನ ನಂಬಿದೆ!

ಸಣ್ಣಜ್ಜ ಎಂದರೆ ನಿಮ್ಮ ಅಜ್ಜನ ತಮ್ಮ, ನನ್ನ ಮೈದುನ. ಮದುವೆಯಾಗಲಿಲ್ಲ. ಮೇಳಿಗೆಯಿಂದ ಮಾಸ್ತಿಕಟ್ಟೆಯವರೆಗೆ ಮನೆಮನೆಯ ಮಾಡು ಹತ್ತಿ ಟಿವಿಗೆ ಡಿಶ್ ಕೂರಿಸಿದವನು. ಮನೆಯೊಳಗೆ ಯಾರಿದ್ದಾರೆಂದು ಅವನಿಗೆ ಗೊತ್ತಿರುತ್ತಿರಲಿಲ್ಲ, ಹೆಂಚು ಎಲ್ಲಿ ಒಡೆದಿದೆ ಎಂದು ಗೊತ್ತಿರುತ್ತಿತ್ತು. ಈಗ ನನ್ನ ಮನೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದಾನೆ. ಮಧ್ಯಾಹ್ನ ಊಟಕ್ಕೆ ನನ್ನಲ್ಲಿಗೆ ಬರುತ್ತಾನೆ. ನಾನು ಬಡಿಸುತ್ತೇನೆ, ಅವನು ಉಣ್ಣುತ್ತಾನೆ. ಇಬ್ಬರ ಮಾತೂ ಸೇರಿದರೆ ಒಂದು ಸೌಟು ತುಂಬುವುದಿಲ್ಲ. ನಾನಂತೂ ಮೊದಲಿನಿಂದ ಹಾಗೆಯೇ. ಶಾಲೆಯಲ್ಲಿ ಹಾಜರಿ ಕೂಗಿದರೆ ಪಕ್ಕದ ಹುಡುಗಿಯೇ ನನ್ನ ಪರವಾಗಿ "ಬಂದಿದಾಳೆ ಸಾರ್" ಎನ್ನಬೇಕಿತ್ತು.

ಆಕಾಶದ ನೆಂಟನ ಕಥೆ ಹೀಗೆ. ಯಾವುದೋ ಕಾಲೇಜಿನ ಹುಡುಗ ಹುಡುಗಿಯರು ಸೇರಿ ಒಂದು ಪುಟ್ಟ ಉಪಗ್ರಹ ಮಾಡಿದ್ದರು. ನಮ್ಮ ಸಕ್ಕರೆ ಡಬ್ಬಿಗಿಂತ ದೊಡ್ಡದಲ್ಲವಂತೆ. ಅವರಲ್ಲಿ ಸಾಗರದ ಹುಡುಗಿಯೊಬ್ಬಳು ಇವನ ಹಳೇ ಗಿರಾಕಿಯ ಮಗಳು. ಡಿಶ್ ವಿಷಯ ಕೇಳಲು ಬಂದವರು ಇವನನ್ನೂ ಜೊತೆಗೆ ಸೇರಿಸಿಕೊಂಡರು. ಮೇಲೆ ಹೋದ ಡಬ್ಬಿ ಸ್ವಲ್ಪ ಕಾಲ ಕುಂಯ್ ಕುಂಯ್ ಎಂದಿತು, ಆಮೇಲೆ ಸುಮ್ಮನಾಯಿತು. ಮಕ್ಕಳು ಪರೀಕ್ಷೆ ಬರೆದು, ಕೆಲಸ ಹಿಡಿದು, ದಿಕ್ಕಿಗೊಬ್ಬರಾದರು. ಕಿವಿಗೊಟ್ಟು ಕೂತವನು ಇವನೊಬ್ಬನೇ. ಅದು ದಿನದಿನಕ್ಕೂ ಕೆಳಗಿಳಿಯುತ್ತಿದೆ, ಒಂದು ದಿನ ಉರಿದು ಬೂದಿಯಾಗುತ್ತದೆ, ಅದಕ್ಕೆ ಮೊದಲು ಒಂದು ಸಲವಾದರೂ ದನಿ ಕೇಳಬೇಕು ಎಂಬುದು ಇವನ ಹಟ.

ಮೊದಲು ತನ್ನ ಕೋಣೆಯ ತಾರಸಿಯ ಮೇಲೆ ದೊಡ್ಡ ಡಿಶ್ ಇಟ್ಟ. ಸುತ್ತಲೂ ಗುಡ್ಡ. ಉಪಗ್ರಹ ಈ ಗುಡ್ಡದ ಹಿಂದಿನಿಂದ ಎದ್ದು ಆ ಗುಡ್ಡದ ಹಿಂದೆ ಮುಳುಗುವಷ್ಟರಲ್ಲಿ ಕೇಳಿಸಿಕೊಳ್ಳಲು ಸಮಯವೆಲ್ಲಿ? ಮೇಲಾಗಿ ಮನೆಯೊಡತಿ ಡಿಶ್ಶಿನೊಳಗೆ ಸಂಡಿಗೆ ಒಣಗಿಸಲು ಶುರುಮಾಡಿದಳು. ಸಂಡಿಗೆಗೆ ಮಂಗ ಬಂತು, ಮಂಗನ ಹಿಂದೆ ನಾಯಿ ಬಂತು. ಉಪಗ್ರಹ ಒಂದು ಬಿಟ್ಟು ಎಲ್ಲವೂ ಬಂದವು!

ಆಮೇಲೆ ಬಾಡಿಗೆ ಕಿವಿ ಹಿಡಿದ. ದೊಡ್ಡ ಕಂಪನಿಗಳು ದೇಶದೇಶಗಳಲ್ಲಿ ಆಂಟೆನಾ ನೆಟ್ಟಿರುತ್ತವಂತೆ. ಇಂಥ ಉಪಗ್ರಹ ಇಂಥ ಹೊತ್ತಿಗೆ ಇಂಥ ಆಂಟೆನಾದ ಮೇಲೆ ಹಾಯುತ್ತದೆ ಎಂದು ನೋಡಿ, ಅಷ್ಟು ನಿಮಿಷ ನನಗೆ ಬೇಕು ಎಂದು ಕಂಪ್ಯೂಟರಿನಲ್ಲೇ ಹೇಳಿಡಬೇಕು. ಅಲ್ಲಿ ಕೇಳಿಸಿದ್ದು ಇಂಟರ್ನೆಟ್ಟಿನಲ್ಲಿ ಇಲ್ಲಿಗೆ ಬರುತ್ತದೆ. ಕ್ಲೌಡ್ ಎಂದೇನೋ ಹೇಳಿದ, ನನ್ನ ತಲೆಗೆ ಹೋಗಲಿಲ್ಲ. ಆಗ ಬೇರೆ ರೀತಿ ಹೇಳಿದ.

"ಮದುವೆಗೆ ಅಂತ ಯಾರಾದ್ರೂ ದೊಡ್ಡ ಹಂಡೆ ಮನೇಲಿ ಇಟ್ಕಳ್ತಾರಾ ಅತ್ತಿಗಮ್ಮ? ಶಾಮಿಯಾನದ ಅಂಗಡಿಯಿಂದ ತರ್ತೀವಲ್ಲ, ಇದೂ ಹಂಗೇ."

ಇದು ಅರ್ಥವಾಯಿತು. ಕಾಲೇಜಿನ ಮಕ್ಕಳು ಹೋಗುವಾಗ ಅದರ ಅಕೌಂಟನ್ನು ಇವನ ಕೈಗೇ ಒಪ್ಪಿಸಿದ್ದರು.

ಆ ಪಾಯಸದ ಪ್ರಸಂಗ ನಡೆದದ್ದು ಆಗಲೇ, ಹೊಸನಗರದಲ್ಲಿ ನಮ್ಮ ನೆಂಟರ ಹುಡುಗನ ಮದುವೆಯಲ್ಲಿ. ಮೊದಲ ಪಂಕ್ತಿಯಲ್ಲಿ ಕೂತಿದ್ದ, ಪಾಯಸ ಇನ್ನೇನು ಎಲೆಗೆ ಬೀಳಬೇಕು, ಫೋನು ನೋಡಿ ಎದ್ದೇ ಹೋದ. ಗಂಡಿನ ಕಡೆಯವನು ಕೋಪಿಸಿಕೊಂಡ ಎಂದು ಹೆಣ್ಣಿನ ಕಡೆಯವರಿಗೆ ಗಾಬರಿ. ಹುಡುಗಿಯ ತಂದೆ ಕೈ ಮುಗಿದುಕೊಂಡು ಬೀದಿಯವರೆಗೂ ಹಿಂದೆ ಹೋದರು. ಇವನು ಬೇಲಿಯ ಪಕ್ಕ ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡು, ಸುಮ್ಮನಿರಿ ಎಂದು ಅವರಿಗೇ ಸನ್ನೆ ಮಾಡಿದನಂತೆ. ಕೇಳಿಸಿದ್ದಾದರೂ ಏನು? ಒಗ್ಗರಣೆಯ ಹಾಗೆ ಬರೀ ಸುಂಯ್ ಅನ್ನುವ ಸದ್ದು!

ಇಷ್ಟೆಲ್ಲ ವಿಜ್ಞಾನ ತಿಳಿದವನು ರಾಹುಕಾಲ ನೋಡುತ್ತಾನೆ ಎಂದರೆ? ನೋಡುತ್ತಾನೆ! ಒಂದು ಶುಕ್ರವಾರ ಉಪಗ್ರಹ ಒಳ್ಳೆಯ ಎತ್ತರದಲ್ಲಿ ಹಾಯುವುದಿತ್ತು, ಸರಿಯಾಗಿ ರಾಹುಕಾಲದಲ್ಲಿ. ಈ ಮಹಾರಾಯ ಗೋಡೆಯ ಕ್ಯಾಲೆಂಡರ್ ನೋಡಿ, ರಾಹುಕಾಲ ಕಳೆದ ಮೇಲಿನ ನಿಮಿಷಗಳನ್ನು ಬಾಡಿಗೆಗೆ ಹಿಡಿದ. ಅಷ್ಟರಲ್ಲಿ ಉಪಗ್ರಹ ಯಾವ ಸಮುದ್ರ ದಾಟುತ್ತಿತ್ತೋ! ಖಾಲಿ ಆಕಾಶಕ್ಕೆ ಕಿವಿಗೊಟ್ಟು ಬಂದ. ನನಗೂ ತಡೆಯಲಾಗಲಿಲ್ಲ, ರಾಹುಕಾಲ ಕಳೀಲಿ ಅಂತ ಅದು ಕಾಯ್ತದಾ ಎಂದು ಕೇಳಿಯೇಬಿಟ್ಟೆ.

"ಅದು ಕಾಯೂದಿಲ್ಲ ಅತ್ತಿಗಮ್ಮ," ಎಂದ, ಅನ್ನ ಕಲಸುತ್ತಾ. "ನಾನು ಕಾಯ್ಬೇಕಲ್ಲ."

ನಾಲ್ಕು ದಿನ ಯೋಚಿಸಿ ದಾರಿಯನ್ನೂ ಕಂಡುಹಿಡಿದ. ರಾಹುಕಾಲ ಲೆಕ್ಕ ಹಾಕುವುದು ಸೂರ್ಯ ಹುಟ್ಟಿದ ಹೊತ್ತಿನಿಂದ. ಭೂಮಿಯ ತುತ್ತತುದಿಯ ಹಿಮದ ಊರಲ್ಲೂ ಒಂದು ಬಾಡಿಗೆ ಆಂಟೆನಾ ಇದೆ. ಅಲ್ಲಿ ಚಳಿಗಾಲದಲ್ಲಿ ಸೂರ್ಯನೇ ಹುಟ್ಟುವುದಿಲ್ಲ. ಸೂರ್ಯನೇ ಇಲ್ಲದ ಮೇಲೆ ರಾಹುಕಾಲ ಎಲ್ಲಿಂದ ಬರಬೇಕು? ಈ ತರ್ಕಕ್ಕೆ ಯಾವ ಜೋಯಿಸರು ಉತ್ತರ ಕೊಟ್ಟಾರು ಹೇಳಿ! ಅವತ್ತಿನಿಂದ ಆ ಊರಿನ ಕಿವಿಯನ್ನೇ ಹಿಡಿದ. ಆ ಉಪಗ್ರಹ ಸುತ್ತುಸುತ್ತಿಗೂ ಅದೇ ತುದಿಯ ಮೇಲೆ ಹಾಯುತ್ತದಂತೆ. ಒಂದು ತಪ್ಪಿದರೆ ಇನ್ನೊಂದು.

ಕಳೆದ ವಾರ ಊಟದ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲಲ್ಲಿ ನಿಂತ. ಚಪ್ಪಲಿಯೂ ಇರಲಿಲ್ಲ. ಫೋನು ಮುಂದೆ ಹಿಡಿದ. ಸುಂಯ್ ಎಂಬುದರ ನಡುವೆ ಸಣ್ಣಗೆ, ಹೊಟ್ಟೆಗಿಲ್ಲದ ಮರಿಯ ಹಾಗೆ, ಕುಂಯ್ ಕುಂಯ್.

"ಮಾತಾಡ್ತು ಅತ್ತಿಗಮ್ಮ. ಹುಡುಗ್ರಿಗೆಲ್ಲ ಫೋನ್ ಮಾಡ್ದೆ. ಯಾರೂ ಎತ್ಲಿಲ್ಲ."

ಬೇಸರದಿಂದ ಹೇಳಿದ್ದಲ್ಲ. ಮಕ್ಕಳು ಕೆಲಸದಲ್ಲಿರುತ್ತಾರೆ, ಅವರನ್ನು ದೂರುವ ಹಾಗಿಲ್ಲ ಎಂದೂ ಸೇರಿಸಿದ. ಆದರೂ ಅಲ್ಲೇ ನಿಂತಿದ್ದ. ಅಷ್ಟು ದೊಡ್ಡ ಸುದ್ದಿಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ, ಕೊನೆಗೆ ಏನೂ ಅರ್ಥವಾಗದ ನನ್ನ ಹತ್ತಿರ ತಂದಿದ್ದ. ಒಳಗೆ ಕರೆದು ಕೂರಿಸಿದೆ. ಅದು ಏನು ಹೇಳುತ್ತಿದೆ ಎಂದು ಕೇಳಿದೆ.

"ದೊಡ್ಡದೆಂತ ಇಲ್ಲ. ಅದ್ರ ಹೆಸ್ರು. ಬ್ಯಾಟರಿ ಎಷ್ಟಿದೆ, ಚಳಿ ಎಷ್ಟಿದೆ. ಯಾರಾದ್ರೂ ಕೇಳ್ಲಿ ಬಿಡ್ಲಿ, ಸುತ್ತೋವಾಗೆಲ್ಲ ಅಷ್ಟೇ ಹೇಳ್ತಾ ಇರ್ತದೆ."

ನಿಮ್ಮ ಅಜ್ಜ ಹೋದ ಮೇಲೆ ನನಗೂ ದಿನದ ಸುದ್ದಿ ಎಂದರೆ ಅಷ್ಟೇ ಇರುತ್ತದೆ ಮಕ್ಕಳೇ. ಗ್ಯಾಸ್ ಬಂತು, ಹಾಲು ಒಡೆಯಿತು, ರಾತ್ರಿ ನಿದ್ದೆ ಬಂತು ಅಥವಾ ಬರಲಿಲ್ಲ. ಫೋನು ಮಾಡಿ ಹೇಳುವಷ್ಟು ದೊಡ್ಡದಲ್ಲ, ಹೇಳದೆ ಮಲಗಿದರೆ ಎದೆಯ ಮೇಲೆ ಕೂತಿರುತ್ತದೆ.

ಅವನಿಗೆ ಕಾಫಿ ಕೊಟ್ಟೆ. ಏನನ್ನಿಸಿತೋ, ಯಾರೂ ಕೇಳದೆಯೇ ನನ್ನ ಬಾಯಿಂದ ಮಾತು ಬಂತು. "ಇವತ್ತು ಮೊಣಕಾಲು ನೋವು ಸ್ವಲ್ಪ ಕಡಿಮೆ ಇದೆ" ಎಂದೆ.

ಅವನು ಫೋನನ್ನು ಬೋರಲು ಹಾಕಿ, ನನ್ನ ಕಡೆ ತಿರುಗಿ ಕೂತ.

"ಹ್ಞೂಂ," ಎಂದ. "ಮತ್ತೆ?"