ಕಮತಗಿ ಮಾಸ್ತರರ ಕ್ಲಚ್ಚುವಿಜಯ

ಹೇ ಕೀಲುಗಳ ಅಧಿದೇವತೆಯೇ, ಬಾಗಿಲ ತಿರುಗಣಿಯಲ್ಲಿ ಕಿರ್ರೆನ್ನುವವಳೇ, ಮುದುಕರ ಮೊಣಕಾಲಲ್ಲಿ ಕಟಕಟಿಸುವವಳೇ, ಎಣ್ಣೆಗೂ ಒಲಿಯದ ಔಷಧಕ್ಕೂ ಒಲಿಯದ ಮಹಾಮಾಯೆಯೇ, ಈ ಕಥೆ ಮುಗಿಯುವ ತನಕವಾದರೂ ಹೇಳುವವನ ದವಡೆಯನ್ನು ಬಿಟ್ಟಿರು! ಕೃತ, ತ್ರೇತಾ, ದ್ವಾಪರಗಳು ಸಂದು, ಕಲಿಯುಗದಲ್ಲೂ ನೆಟ್ಟಗಿನ ರಸ್ತೆಗಳ ಕಾಲ ಸಂದು, ನೀರಿನ ಪೈಪಿಗೆಂದು ಅಗೆದು ಮುಚ್ಚಿದ್ದನ್ನು ಕೇಬಲ್ಲಿಗೆಂದು ಮತ್ತೆ ಅಗೆಯುವ ಮಹಾಯುಗವು ನಡೆಯುತ್ತಿರಲಾಗಿ, ಬೆಟಗೇರಿಯೆಂಬ ಮಗ್ಗನಾದಮುಖರಿತ ಪಟ್ಟಣದಲ್ಲಿ, ಸೀಟಿನಾದಭಯಂಕರರೂ, ಶ್ವೇತಬೂಟುವಿಭೂಷಿತರೂ, ಸಹಸ್ರಬಾಲಕಪಾದಧೂಳಿಪ್ರವರ್ತಕರೂ ಆದ ನಿವೃತ್ತ ಡ್ರಿಲ್ ಮಾಸ್ತರ ಶಿವಪುತ್ರಪ್ಪ ಕಮತಗಿಯವರೆಂಬ ವೀರರಿದ್ದರು.

ವೀರರಿಗೆ ವಾಹನ ಬೇಕು. ದೇವತೆಗಳು ಇಲಿ, ನವಿಲು, ಎತ್ತುಗಳಲ್ಲಿ ತೃಪ್ತರಾದರು. ಮಾಸ್ತರರದು ಮಾತ್ರ ಕರಿಟ್ಯಾಂಕಿನ, ಮೇಘಗರ್ಜನೆಯ, ಹಾದ ಓಣಿಯಲ್ಲಿ ಹಗಲನ್ನೇ ಸಂಜೆಯಾಗಿಸುವ ಹಳೆಯ ಮೋಟರ್‌ಸೈಕಲ್ಲು. ಅದರ ಮೇಲೆ ಅವರು ನೆಟ್ಟ ಬೆನ್ನಿನಿಂದ ಕೂತು ಸಾಗುವಾಗ, ಮೀಸೆ ಬಂದ ಹಳೆಯ ವಿದ್ಯಾರ್ಥಿಗಳು ಚಹಾದಂಗಡಿಯ ಮುಂದೆ ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟು ಎದ್ದು ನಿಲ್ಲುತ್ತಿದ್ದರು. ನಡೆದುಹೋದರೆ ಅದೇ ಜನ ಬೀಡಿ ಸೇದುತ್ತಲೇ ನಮಸ್ಕಾರ ಹಾಕುತ್ತಿದ್ದರು. ಈ ವ್ಯತ್ಯಾಸವನ್ನು ಮಾಸ್ತರರು ಚೆನ್ನಾಗಿ ಬಲ್ಲವರಾಗಿದ್ದರು.

ಶತ್ರುವು ಕೋಟೆ ಮುರಿದು ಬರಲಿಲ್ಲ, ಬೆರಳ ಗೆಣ್ಣುಗಳಲ್ಲಿ ಹುಟ್ಟಿತು. ಸಂಧಿವಾತವೆಂಬ ಆ ಗೂಢಚಾರಿ ಮೊದಲು ಅಂಗಿಯ ಗುಂಡಿಯನ್ನು ಗೆದ್ದಿತು, ಆಮೇಲೆ ಕಪ್ಪಿನ ಹಿಡಿಯನ್ನು. ಕೊನೆಗೊಂದು ಮುಂಜಾನೆ ರೈಲ್ವೆ ಗೇಟಿನ ಮುಂದೆ, ಹಿಂದೆ ಟೆಂಪೊಗಳು ಶಂಖ ಊದುತ್ತಿರಲು, ಮಾಸ್ತರರ ಎಡಗೈಯ ನಾಲ್ಕು ಬೆರಳುಗಳು ಕ್ಲಚ್ಚನ್ನು ಒತ್ತಿ ಹಿಡಿಯಲಾರದೆ ಕೈಬಿಟ್ಟವು. ಗಾಡಿ ಒಂದು ಸಲ ಜಿಗಿದು ಸತ್ತಿತು.

"ಮಾಸ್ತರ್ರ, ಏನಾತ್ರಿ?" ಎಂದು ಟೆಂಪೊದವನು ಕೇಳಿದ.

ಕೈ ನೋಯುತ್ತದೆ ಎನ್ನುವುದು ಎಷ್ಟು ಸುಲಭ! ಆದರೆ ವೀರರಿಗೆ ಸುಲಭದ ದಾರಿ ಕಾಣುವುದಿಲ್ಲ. "ಪೆಟ್ರೋಲ್ ತೀರೈತೋ," ಎಂದರು ಮಾಸ್ತರರು.

ಮರುವಾರ ಸಂತೆಯಲ್ಲಿ ಗಾಡಿ ಮತ್ತೆ ಸತ್ತಿತು, ಪೆಟ್ರೋಲ್ ಮತ್ತೆ ತೀರಿತು. ಬ್ಯಾಂಕಿನ ಮುಂದೆ ತೀರಿತು. ಮಠದ ಮುಂದೆ ತೀರಿತು. ಪೆನ್ಷನ್ ಬಂದರೂ ಗಾಡಿಗೆ ಎಣ್ಣೆ ಹಾಕದ ಜುಗ್ಗ ಎಂಬ ಕೀರ್ತಿಯು ಮಾಸ್ತರರಿಗಿಂತ ಮೊದಲು ಊರು ಸುತ್ತತೊಡಗಿತು. ದಯಾಳುಗಳು ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತಂದು, ತುಂಬಿದ ಟ್ಯಾಂಕಿಗೆ ಸುರಿದು ಹೋದರು. ಮಾಸ್ತರರು ಎಲ್ಲವನ್ನೂ ನುಂಗಿಕೊಂಡರು. ಜುಗ್ಗನೆನಿಸಿಕೊಳ್ಳಬಹುದು, ಅದು ಸ್ವಭಾವ. ಕೈಲಾಗದವನೆನಿಸಿಕೊಳ್ಳುವುದು ಹೇಗೆ?

ಆಗ ರಂಗವನ್ನು ಪ್ರವೇಶಿಸಿದವನು ಗೂಳಪ್ಪ. ಮಾಸ್ತರರ ಹೆಂಡತಿ ನಿಂಬೆವ್ವನ ಬೆನ್ನಿಗೆ ಬಿದ್ದ ತಮ್ಮ, ಸೀರೆ ಅಂಗಡಿಯ ಒಡೆಯ, ಗೇರಿಲ್ಲದ ಸ್ಕೂಟರಿನ ಸವಾರ. ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು, ಮೋಟರ್‌ಸೈಕಲ್ಲಿನ ಟ್ಯಾಂಕನ್ನು ಕರುವಿನ ಬೆನ್ನು ಸವರಿದಂತೆ ಸವರುತ್ತ ಅವನು ಹೇಳಿದ: "ಮಾವಾ, ಕೈ ನಡುಗತಾವು ನಿಮ್ಮವು, ನಾ ನೋಡೇನಿ. ಗಾಡಿ ನನಗ ಕೊಟ್ಟುಬಿಡ್ರಿ. ಎಲ್ಲಿಗಿ ಅಂತೀರಿ ಅಲ್ಲಿಗಿ ಹಿಂದ ಕುಂದರಿಸ್ಕೊಂಡು ಹೋಗ್ತೀನಿ."

ಹಿಂದೆ! ಪಾತಾಳಲೋಕಗಳಲ್ಲಿ ಅತ್ಯಂತ ಆಳದ್ದು ಹಿಂದಿನ ಸೀಟು. ಸಿಟ್ಟು ಬಂದಾಗ ಮಾಸ್ತರರು ಬೆಟಗೇರಿಯ ಕನ್ನಡವನ್ನು ತೊರೆದು ಗಣರಾಜ್ಯೋತ್ಸವದ ಕನ್ನಡಕ್ಕೆ ಏರುತ್ತಿದ್ದರು. ಈಗಲೂ ಏರಿದರು.

"ಎಲೈ ಗೂಳಪ್ಪಾ, ಕೇಳು! ಈ ಹಸ್ತವು ಬಿರುಗಾಳಿಯಲ್ಲಿ ಧ್ವಜದ ಹಗ್ಗವನ್ನು ಹಿಡಿದು ನಿಂತ ಹಸ್ತ! ಈ ಮುಷ್ಟಿಯನ್ನು ಕಂಡು ಇಡೀ ಏಳನೆಯ ಇಯತ್ತೆಯು ಉಸಿರು ಬಿಗಿಹಿಡಿದ ಕಾಲವಿತ್ತು! ಹಿಂದಿನ ಸೀಟಿನ ಮೇಲೆ ಈ ಶಿವಪುತ್ರಪ್ಪನು ಅಡ್ಡ ಮಲಗಿ ಹೋದಾನೇ ಹೊರತು ಕುಳಿತು ಹೋಗಲಾರನು!"

"ಅಡ್ಡ ಮಲಗಿದ್ರ ಓಣ್ಯಾಗ ಗಾಡಿ ಹಿಡಿಸೂದಿಲ್ರಿ," ಎಂದಳು ನಿಂಬೆವ್ವ ಒಳಗಿನಿಂದ.

ಬಳಿಕ ಆಕೆಯೇ ಹೊರಬಂದು ತೀರ್ಪು ಕೊಟ್ಟಳು. ಬರುವ ರವಿವಾರ ತಮ್ಮನ ಕಣ್ಣ ಮುಂದೆ ಗಾಡಿ ಹೊರಡಬೇಕು. ಹಳೇ ಬಸ್‌ಸ್ಟ್ಯಾಂಡಿಗೆ ಹೋಗಿ, ಎಲ್ಲೂ ಸಾಯದೆ ತಿರುಗಿ ಬರಬೇಕು. ಬಂದರೆ ಗಾಡಿ ಮಾವನದು, ಸತ್ತರೆ ಗೂಳಪ್ಪನದು.

"ಗಾಡಿ ಸತ್ತರ," ಎಂದು ಆಕೆ ಬಿಡಿಸಿ ಹೇಳಿದಳು.

ಶಸ್ತ್ರಾಸ್ತ್ರಗಳಿಗಾಗಿ ಮಾಸ್ತರರು ಇಮಾಮ್‌ಸಾಬನ ಗ್ಯಾರೇಜಿಗೆ ಗಾಡಿಯನ್ನು ನೂಕಿಸಿಕೊಂಡು ನಡೆದರು. ಇಮಾಮ್‌ಸಾಬ ಹಿಂದೊಮ್ಮೆ ಅವರಿಂದ ಮೈದಾನ ಸುತ್ತಿಸಿಕೊಂಡ ವಿದ್ಯಾರ್ಥಿ. ಓದಿನಲ್ಲಿ ಹಿಂದೆ, ಬಡಾಯಿಯಲ್ಲಿ ಮಾಸ್ತರರಿಗೆ ಸರಿಸಮ.

"ಸರ, ನೀವು ಯಾರ ಕಡೆ ಬಂದೀರಿ ಗೊತ್ತೈತೇನ್ರಿ?" ಎಂದು ಅವನು ಸ್ಪ್ಯಾನರನ್ನು ಗದೆಯಂತೆ ಹೆಗಲಿಗೇರಿಸಿದ. "ವಿಮಾನ ತಂದು ಬಾಗಲಾಗ ನಿಲ್ಲಸ್ರಿ, ಅದರ ಕ್ಲಚ್ಚೂ ಹಗುರ ಮಾಡ್ತೀನಿ!"

"ವಿಮಾನಕ್ಕ ಕ್ಲಚ್ ಇರೂದಿಲ್ಲೋ."

"ಅದಕ್ಕ ಯಾರೂ ತಂದಿಲ್ಲ ನೋಡ್ರಿ."

ಪ್ರಥಮ ದಿನದ ಯುದ್ಧದಲ್ಲಿ ಇಮಾಮ್‌ಸಾಬ ಕ್ಲಚ್ಚಿನೊಳಗಿನ ಬಿಗಿ ಸ್ಪ್ರಿಂಗುಗಳನ್ನು ತೆಗೆದು ಮೆತ್ತನೆಯವನ್ನು ಹಾಕಿದ. ಕೈಯಲ್ಲಿ ಒತ್ತುವ ಕ್ಲಚ್ಚಿನ ಲೇವರು ಬೆಣ್ಣೆಯಾಯಿತು. ಮಗುವೂ ಒತ್ತಬಹುದಿತ್ತು. ಮಾಸ್ತರರು ಏರಿ, ಗೇರು ಹಾಕಿ, ಕ್ಲಚ್ಚು ಬಿಟ್ಟು, ಆ್ಯಕ್ಸಿಲರೇಟರ್ ತಿರುವಿದರು. ಎಂಜಿನ್ನು ದಿಕ್ಕುಗಳನ್ನು ನಡುಗಿಸಿತು. ಗಾಡಿ ಮಾತ್ರ ಎಳೆಯುವವರಲ್ಲಿ ಅರ್ಧ ಜನ ಊಟಕ್ಕೆ ಹೋದ ತೇರಿನಂತೆ ನಿಧಾನವಾಗಿ ತೆವಳಿತು. ಮೆತ್ತನೆಯ ಸ್ಪ್ರಿಂಗು ಕೈಗೆ ದಯೆ ತೋರಿದ ಹಾಗೆಯೇ ಎಂಜಿನ್ನಿಗೂ ದಯೆ ತೋರಿ, ಯಾವುದನ್ನೂ ಗಟ್ಟಿಯಾಗಿ ಹಿಡಿಯುತ್ತಿರಲಿಲ್ಲ. ಗೋಡೆಯ ಪೋಸ್ಟರ್ ಹರಿದು ಮೇಯುತ್ತಿದ್ದ ಆಡೊಂದು ಮಾಸ್ತರರನ್ನು ಹಿಂದೆ ಹಾಕಿ ಮುಂದೆ ಹೋಯಿತು, ಒಮ್ಮೆ ತಿರುಗಿಯೂ ನೋಡಿತು.

"ಬೆಣ್ಣಿ ಸ್ವಲ್ಪ ಹೆಚ್ಚಾತು," ಎಂದ ಇಮಾಮ್‌ಸಾಬ.

ಎರಡನೆಯ ದಿನ, ಹಳೆಯ ಸ್ಪ್ರಿಂಗುಗಳನ್ನೇ ಮರಳಿ ಕೂರಿಸಿ, ಅವನು ಲೇವರಿನ ಬುಡವನ್ನು ಬಿಚ್ಚಿದ. ಬಿಚ್ಚಿದವನು ಸ್ಪ್ಯಾನರನ್ನು ಕೆಳಗಿಟ್ಟ. ಲೇವರು ತಿರುಗುವ ಮೊಳೆಯ ಸುತ್ತ, ಕೇಬಲ್ಲು ಒಳಹೋಗುವ ಬಾಯಿಯ ತುಂಬ, ಕಲ್ಲಾಗಿ ಕೂತಿತ್ತು ಭಕ್ತಿ. ವರ್ಷವರ್ಷದ ಆಯುಧಪೂಜೆಯ ಅರಿಸಿನ, ಕುಂಕುಮ, ವಿಭೂತಿ, ಹೂವಿನ ನಾರು, ಲಿಂಬೆರಸ. ಅದರ ಮೇಲೆ ಸುತ್ತು ಸುತ್ತು ದಾರ. ಮಾಸ್ತರರ ಮನೆಯಲ್ಲಿ ಹಬ್ಬದಂದು ಚಕ್ರಕ್ಕೂ ಹೆಡ್‌ಲೈಟಿಗೂ ಒಂದೊಂದು ಬೊಟ್ಟು. ಆದರೆ ಯಜಮಾನನ ಕೈ ಹಿಡಿಯುವ ಜಾಗವೆಂದು ಕ್ಲಚ್ಚಿಗೆ ಮಾತ್ರ ಕೈತುಂಬ.

"ಸರ, ವಾತ ನಿಮಗಷ್ಟ ಅಲ್ಲ, ಇದಕ್ಕೂ ಹತ್ತೇತಿ."

"ಈ ಹಸರು ದಾರ ನಮ್ಮ ಮನೀದಲ್ಲ," ಎಂದರು ಮಾಸ್ತರರು ಗಂಭೀರವಾಗಿ.

ಇಮಾಮ್‌ಸಾಬ ಬಗ್ಗಿ ನೋಡಿದ. "ಅದು ನಂದ್ರೀ. ಉರುಸಿನಾಗ ನಿಮ್ಮ ಗಾಡಿಗಿ ಛಲೋ ಆಗ್ಲಿ ಅಂತ ನಾನ ಕಟ್ಟಿದ್ದೆ."

ಹೀಗೆ ಎರಡೂ ಧರ್ಮಗಳು ಸೇರಿ ಬಿಗಿದಿದ್ದ ಗಂಟನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಕೆರೆದು, ಗ್ರೀಸು ತುಂಬಲಾಯಿತು. ಅರ್ಧ ಭಾರ ಅಲ್ಲಿಯೇ ಇಳಿಯಿತು. ಇನ್ನರ್ಧ ಬೆರಳುಗಳಲ್ಲಿತ್ತು. ಅದಕ್ಕೆ ಕೆರೆಯುವ ಉಪಾಯವಿರಲಿಲ್ಲ.

ಆದ್ದರಿಂದ ಗಾಡಿಯೇ ಕೈಗೆ ಬಗ್ಗಬೇಕಾಯಿತು. ಇಮಾಮ್‌ಸಾಬ ಎಂಜಿನ್ನಿನ ಬದಿಯ ಕ್ಲಚ್ಚಿನ ತೋಳಿಗೆ ಕಬ್ಬಿಣದ ಪಟ್ಟಿ ಬೆಸೆದು ಉದ್ದ ಮಾಡಿದ. ಉದ್ದವಾದಷ್ಟೂ ಎಳೆತ ಹಗುರ, ಬಾವಿಯ ಏತದ ಹಾಗೆ. ಲೇವರನ್ನು ಕಾಯಿಸಿ, ಬಾಗದ ಬೆರಳಿಗೂ ಎಟುಕುವಂತೆ ಹಿಡಿಕೆಯ ಹತ್ತಿರಕ್ಕೆ ಬಾಗಿಸಿದ. ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿ ಸುತ್ತಿ, ಮುಷ್ಟಿ ಪೂರ್ತಿ ಮುಚ್ಚದಿದ್ದರೂ ಹಿಡಿತ ಸಿಗುವಷ್ಟು ದಪ್ಪ ಮಾಡಿದ. ಇನ್ನು ಬಲಗೈ. ಆ್ಯಕ್ಸಿಲರೇಟರನ್ನು ಬಿಗಿಹಿಡಿದು ತಿರುವುವ ಬದಲು ಅಂಗೈ ಊರಿದರೆ ಸಾಕಾಗುವಂತೆ ಒಂದು ಚಪ್ಪಟೆ ಹಲಗೆ ಬೇಕಿತ್ತು. ಅವನು ಸುತ್ತ ನೋಡಿ, ಹವಾಯಿ ಚಪ್ಪಲಿಯೊಂದನ್ನು ಕತ್ತರಿಸಿ ಅಲ್ಲಿ ಬಿಗಿದ.

ಮಾಸ್ತರರು ಮತ್ತೆ ಗಣರಾಜ್ಯೋತ್ಸವಕ್ಕೆ ಏರಿದರು. "ಇಮಾಮ್‌ಸಾಬಾ! ಶತ್ರುಭಯಂಕರವಾದ ಈ ದಕ್ಷಿಣಹಸ್ತಕ್ಕೆ ಪಾದರಕ್ಷೆಯೇ?"

"ಹೊಸಾದು ಸರ. ಕಾಲು ಕಂಡಿಲ್ಲ." ಅವನು ತಿರುಪು ಬಿಗಿಯುತ್ತ ತಲೆಯೆತ್ತಲಿಲ್ಲ. "ಇನ್ನೊಂದು ಮಾತ ಕೇಳ್ರಿ. ನಿಂತಾಗೆಲ್ಲ ಕ್ಲಚ್ ಹಿಡಕೊಂಡ ನಿಲ್ತೀರಿ ನೀವು. ನ್ಯೂಟ್ರಲ್ ಮಾಡಿ ಕೈ ಬಿಡ್ರಿ. ಸಾವಧಾನ್ ನಿಲ್ಲಾಕ ಎದರಿಗಿ ಮಂತ್ರಿ ಬರಾಕತ್ತಿಲ್ಲ."

ರವಿವಾರ ಬಂತು. ಗೂಳಪ್ಪ ಇಸ್ತ್ರಿ ಅಂಗಿ ತೊಟ್ಟು, ಗಾಡಿ ಒಯ್ಯಲೆಂದೇ ನಡೆದು ಬಂದಿದ್ದ. ನಿಂಬೆವ್ವ ಚಪ್ಪಲಿಗೂ ಸೇರಿಸಿ ಕುಂಕುಮ ಹಚ್ಚಿ, ದಾರದುಂಡೆ ತೆಗೆದಳು.

"ಅವ್ವಾರ, ಲೇವರಿಗೆ ಬ್ಯಾಡ್ರಿ!" ಎಂದು ನೋಡಲು ಬಂದಿದ್ದ ಇಮಾಮ್‌ಸಾಬ ಚೀರಿದ. "ಕನ್ನಡಿಗಿ ಕಟ್ರಿ!"

ಕನ್ನಡಿಗೆ ಕಟ್ಟಿದಳು. "ಹೋದವರು ಬರಿಗೈಲೆ ಬರಬ್ಯಾಡ್ರಿ. ಒಂದು ಮಾವಿನಕಾಯಿ ಉಪ್ಪಿನಕಾಯಿ ಬಾಟ್ಲಿ ತರ್ರಿ, ಊಟಕ್ಕ ಆಕ್ಕೈತಿ."

ಇಂತು ಅಮೃತಕಲಶವನ್ನು ತರಲು ವೀರರು ಹೊರಟರು. ಅಗೆದ ರಸ್ತೆಯ ಮಣ್ಣಿನ ಪರ್ವತಗಳನ್ನು ದಾಟಿದರು, ಎಮ್ಮೆಗಳ ಚತುರಂಗಸೇನೆಯನ್ನು ಸೀಳಿದರು. ಪ್ರತಿ ಸಲ ಕ್ಲಚ್ಚು ಒತ್ತಿದಾಗಲೂ ಕೈ ನೋಯಿತು, ಆದರೆ ಒತ್ತಿತು. ಆ 'ಆದರೆ'ಯ ಮೇಲೆ ಅವರ ಇಡೀ ಮುದಿತನ ಸವಾರಿ ಮಾಡುತ್ತಿತ್ತು. ಹಳೇ ಬಸ್‌ಸ್ಟ್ಯಾಂಡು ಮುಟ್ಟಿ, ಅಲ್ಲಿನ ಮಾರುಕಟ್ಟೆಯಲ್ಲಿ ಉಪ್ಪಿನಕಾಯಿಯ ಕಲಶವನ್ನು ಕೊಂಡು, ಚೀಲದಲ್ಲಿಟ್ಟು, ತಿರುಗಿದರು. ತಿರುಗುವಾಗ ರೈಲ್ವೆ ಗೇಟು ಬಿತ್ತು.

ಗೂಡ್ಸ್ ಗಾಡಿ ಮುಗಿಯುವಂತಿರಲಿಲ್ಲ. ಮಾಸ್ತರರ ಬೆರಳುಗಳು ಹಳೆಯ ರೂಢಿಯಂತೆ ಲೇವರನ್ನು ಹಿಡಿದೇ ಇದ್ದವು. ಆಗ ಅವರು ಪಾದದಿಂದ ನ್ಯೂಟ್ರಲ್ ಹುಡುಕಿ, ತಮ್ಮ ಎಡಗೈಗೇ ಆಜ್ಞೆ ಕೊಟ್ಟರು: "ವಿಶ್ರಾಮ್!"

ಕೈ ಸಡಿಲಾಯಿತು. ಗಾಡಿ ಸಾಯಲಿಲ್ಲ. ಪಕ್ಕದಲ್ಲಿ ಅದೇ ಟೆಂಪೊದವನು ತಲೆ ಹೊರಹಾಕಿದ. "ಮಾಸ್ತರ್ರ, ಪೆಟ್ರೋಲ್ ಐತಿಲ್ರಿ?"

ಮಾಸ್ತರರು ರೈಲಿನ ಡಬ್ಬಿಗಳನ್ನು ನೋಡುತ್ತಲೇ ಹೇಳಿದರು: "ಪೆಟ್ರೋಲ್ ಎಂದೂ ತೀರಿದ್ದಿಲ್ಲೋ. ಕೈಗಿ ವಾತ. ಕ್ಲಚ್ ಹಿಡಿಯಾಕ ಆಗ್ತಿದ್ದಿಲ್ಲ."

"ಹೌದ ಹೌದ," ಎಂದು ಟೆಂಪೊದವನು ಕ್ಲೀನರಿಗೆ ಕಣ್ಣು ಮಿಟುಕಿಸಿದ.

ಗೇಟು ಎದ್ದಿತು. "ಸಾವಧಾನ್!" ಗಾಡಿ ಮನೆ ಮುಟ್ಟಿತು, ಜೀವಂತ. ಗೂಳಪ್ಪ ಟ್ಯಾಂಕನ್ನು ಕೊನೆಯ ಸಲ ಸವರಿ, ಕುತೂಹಲಕ್ಕೆಂದು ಲೇವರನ್ನು ಒತ್ತಿನೋಡಿ, "ಭಾಳ ಹಗುರ ಐತ್ರಿ ಮಾವಾ," ಎಂದು ಒಪ್ಪಿಕೊಂಡ. ಹಾಗೆಂದವನು ತನ್ನ ಹೆಬ್ಬೆರಳನ್ನು ಯಾರಿಗೂ ಕಾಣದಂತೆ ಒಮ್ಮೆ ತಿಕ್ಕಿಕೊಂಡ.

ಇಮಾಮ್‌ಸಾಬ ಗ್ಯಾರೇಜಿಗೆ ಮರಳಿದ, ಉಳಿದ ಮೂವರೂ ಊಟಕ್ಕೆ ಕೂತರು. ಬಿಸಿ ರೊಟ್ಟಿ ಬಂತು, ಬದನೆಕಾಯಿ ಪಲ್ಯ ಬಂತು. ಕ್ಲಚ್ಚುಮರ್ದನರಾದ ಮಾಸ್ತರರು ಉಪ್ಪಿನಕಾಯಿಯ ಬಾಟಲಿಯನ್ನು ತೊಡೆಯ ನಡುವೆ ಇಟ್ಟು ಮುಚ್ಚಳ ತಿರುವಿದರು. ಬರಲಿಲ್ಲ. ಮತ್ತೆ ತಿರುವಿದರು.

"ತರ್ರಿಲ್ಲಿ," ಎಂದ ಗೂಳಪ್ಪ. ಅವನ ಹೆಬ್ಬೆರಳು ಮುಚ್ಚಳದ ಮೇಲೆ ಜಾರಿತು, ಮುಖ ಕಿವುಚಿತು.

"ನಿನಗೂ ಐತೇನೋ?" ಎಂದರು ಮಾಸ್ತರರು ಹರ್ಷದಿಂದ.

"ಸೀರಿ ಮಡಚಿ ಮಡಚಿ..." ಎಂದು ಅವನು ಬಾಟಲಿಯನ್ನು ಅಕ್ಕನ ಕಡೆ ದಾಟಿಸಿದ. "ಅಕ್ಕಾ, ನೀ ತಗೀ."

ನಿಂಬೆವ್ವ ರೊಟ್ಟಿ ಹಿಟ್ಟಿನ ಕೈ ಒರೆಸಿಕೊಂಡಳು. ಬಾಟಲಿ ಹಿಡಿದಳು, ಬಿಟ್ಟಳು. ಅವಳ ಗೆಣ್ಣುಗಳು ಅವರಿಬ್ಬರ ಗೆಣ್ಣುಗಳಿಗಿಂತಲೂ ಊದಿ ದಪ್ಪಗಿದ್ದವು. ಆ ಮನೆಯಲ್ಲಿ ಯಾರೂ ಅವನ್ನು ನೋಡಿರಲಿಲ್ಲ.

"ನನಗೆಲ್ಲಿ ಆಕ್ಕೈತ್ರಿ," ಎಂದಳು.

"ಯಾವಾಗಿಂದ?" ಮಾಸ್ತರರು ಬೆಟಗೇರಿಯ ಕನ್ನಡದಲ್ಲಿಯೇ ಕೇಳಿದರು.

"ಈಗ ಕೇಳಾಕತ್ತೀರಿ," ಎಂದು ಅವಳು ಬಾಟಲಿಯನ್ನು ಮೂಲೆಗೆ ಸರಿಸಿ, ಚಟ್ನಿಪುಡಿಯ ಡಬ್ಬಿ ನೂಕಿದಳು. ಅದರ ಮುಚ್ಚಳ ಸಡಿಲವಾಗಿತ್ತು. ಮೂವರೂ ಚಟ್ನಿಪುಡಿಗೆ ಮೊಸರು ಕಲಸಿಕೊಂಡು ಉಂಡರು.