ಹತ್ತು ಹೋಗಬೇಕು, ಹತ್ತು ಬರಬೇಕು

ನಾನು ಕಬ್ಬಿಣದ ಮನುಷ್ಯ! ಈ ಮಾತನ್ನು ನಮ್ಮ ಕಾರ್ಖಾನೆಯ ಯಜಮಾನರ ಎದುರು ಮೇಜು ಗುದ್ದಿ ಎರಡು ಸಲ ಹೇಳಿದವನು ನಾನೇ. ಮೊದಲ ಗುದ್ದಿಗೆ ಮೇಜಿನ ಮೇಲಿದ್ದ ಪೆನ್ಸಿಲುಗಳು ಉರುಳಿದವು. ಎರಡನೆಯ ಗುದ್ದಿಗೆ ಕೈ ನೋವಾಯಿತು. ಕಬ್ಬಿಣಕ್ಕೆ ನೋವಾಗುವುದಿಲ್ಲ ಎಂಬುದು ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಕೋಣೆ, ಅದರ ತುದಿಗೆ ಯಜಮಾನರ ಪುಟ್ಟ ಕೋಣೆ, ತಗಡು ಒತ್ತುವ ನಾಲ್ಕು ಯಂತ್ರ, ಕಿಟಕಿಯ ಪಕ್ಕ ನನ್ನ ನಕ್ಷೆಯ ಹಲಗೆ. ಕನ್ನಡಕದ ಡಬ್ಬಿ, ಸೂಜಿ ಡಬ್ಬಿ, ಗುಳಿಗೆ ಡಬ್ಬಿ ಮಾಡುತ್ತೇವೆ. ಹತ್ತೊಂಬತ್ತು ವರ್ಷ ನಾನು ಬೇರೆಯವರ ತಲೆಯಲ್ಲಿ ಹುಟ್ಟಿದ ಡಬ್ಬಿಗಳಿಗೆ ಗೆರೆ ಎಳೆದವನು. ನನ್ನ ಸ್ವಂತ ತಲೆಯ ಡಬ್ಬಿ ಎಂಬುದು ಒಂದೂ ಇರಲಿಲ್ಲ. ಹೀಗಿರುವಾಗ ಪೇಟೆಯ ದೊಡ್ಡ ಸಿಗರೇಟು ಅಂಗಡಿಯ ಸಾಹುಕಾರರು ಬಂದರು.

"ಜೇಬಲ್ಲಿ ಇಟ್ಕೊಳ್ಳೋ ಸಿಗರೇಟು ಡಬ್ಬಿ ಬೇಕು. ಜೇಬು ಉಬ್ಬಬಾರದು, ಜೋತು ಬೀಳಬಾರದು. ಇಟ್ಕೊಂಡಿರೋದು ಪಕ್ಕದಲ್ಲಿರೋರಿಗೂ ಗೊತ್ತಾಗಬಾರದು! ಇದು ಹಿಡಿಸಿದ್ರೆ ಆಮೇಲೆ ಚುರುಟಿನ ಡಬ್ಬಿನೂ ನಿಮಗೇ."

ನಾನು ಮೂರು ವಾರ ಊಟ ನಿದ್ದೆ ಬಿಟ್ಟೆ. (ನಿದ್ದೆ ಬಿಟ್ಟದ್ದು ನಿಜ, ಊಟದ ವಿಷಯದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ.) ಪುಸ್ತಕದ ಹಾಗೆ ತೆರೆಯುವ ಎರಡು ಹಿತ್ತಾಳೆ ಮುಚ್ಚಳ. ಎದೆಯ ಮೇಲೆ ಕೂರುವಂತೆ ಸಣ್ಣ ಬಾಗು. ಆ ಬಾಗನ್ನು ನನ್ನ ಎದೆಗೇ ಮೇಣ ಒತ್ತಿ ಅಳತೆ ತೆಗೆದೆ! ಬಟ್ಟೆ ಹರಿಯದಂತೆ ದುಂಡಗಿನ ಮೂಲೆಗಳು. ಲೋಹದ ರುಚಿ ತಂಬಾಕಿಗೆ ತಗಲದಂತೆ ಒಳಗೆ ಚಿನ್ನದ ಬಣ್ಣದ ಲೇಪ. ಸಿಗರೇಟುಗಳು ಮಿಸುಕದಂತೆ ಅಡ್ಡಕ್ಕೊಂದು ಎಲಾಸ್ಟಿಕ್ ಪಟ್ಟಿ. ದಪ್ಪ ಎಷ್ಟು? ಒಂದು ಸಿಗರೇಟು, ಮೇಲೊಂದು ಕೂದಲು, ಅಷ್ಟೇ. ಮಾದರಿ ಸಿದ್ಧವಾದ ದಿನ ನಾನು ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಯಜಮಾನರ ಕೋಣೆಗೆ ಹೋದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾವುದೇ ಹೊಸ ಡಬ್ಬಿ ಗಿರಾಕಿಯ ಕೈ ಸೇರುವ ಮುಂಚೆ ನಮ್ಮವರೊಬ್ಬರ ಜೇಬಿನಲ್ಲಿ ಏಳು ದಿನ ಬಾಳಬೇಕು. ಖಾಲಿ ಡಬ್ಬಿಯಲ್ಲ, ತುಂಬಿದ ಡಬ್ಬಿ. ಇದಕ್ಕೆ ಜೇಬಿನ ಪರೀಕ್ಷೆ ಎಂದು ಹೆಸರು, ಅದಕ್ಕೊಂದು ಹಳೆಯ ರಟ್ಟಿನ ಪುಸ್ತಕವೂ ಇದೆ.

"ಹತ್ತು ಸಿಗರೇಟು ಹೋಗಬೇಕು, ಹತ್ತು ಬರಬೇಕು. ಒಂದರ ಬೆನ್ನೂ ಮುರಿದಿರಬಾರದು," ಎಂದ ಯಜಮಾನರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. "ಆದ್ರೆ ನೀವು ಬಿಟ್ಟಿದ್ದೀರಲ್ಲ? ಬೇರೆ ಯಾರಿಗಾದ್ರೂ ಕೊಡೋಣ."

ಮೇಜು ಗುದ್ದಿದ್ದು ಆಗಲೇ.

ನಾನು ಸಿಗರೇಟು ಬಿಟ್ಟು ಮೂರು ವರ್ಷವಾಗಿತ್ತು. ಎದೆಗೆ ಕಫ ಕಟ್ಟಿ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ನನ್ನ ಹೆಂಡತಿ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಆ ಹನ್ನೊಂದು ದಿನವೂ ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಯಾರದೋ ಅಂಗಿಗಳಿಗೆ ಕೈಯಲ್ಲೇ ಗುಂಡಿ ಹಾಕುತ್ತ, ನಾನು ಕೆಮ್ಮಿದಾಗೆಲ್ಲ ಸೂಜಿ ನಿಲ್ಲಿಸಿ ನೋಡುತ್ತಿದ್ದಳು. ಹನ್ನೆರಡನೆಯ ದಿನ ಅವಳ ಕೈ ಹಿಡಿದು, "ಇನ್ನು ಮುಟ್ಟಲ್ಲ ಕಣೇ" ಎಂದೆ. ಅವಳು "ಸರಿ" ಎಂದಳು. ಆಮೇಲೆ ಆ ಮಾತನ್ನು ಒಂದು ದಿನವೂ ನೆನಪಿಸಲಿಲ್ಲ, ಚುಚ್ಚಲಿಲ್ಲ. ಹೊಲಿಗೆಯವಳಾದರೂ!

ಅಂಥವಳಿಗೆ ವಿಷಯ ಹೇಳಿಬಿಡಬಹುದಿತ್ತು. ಆದರೆ ನನ್ನ ಬುದ್ಧಿ ನೋಡಿ. ಪಕ್ಕದಲ್ಲಿರುವವರಿಗೆ ಗೊತ್ತಾಗದ ಡಬ್ಬಿ ಬೇಕಲ್ಲವೇ? ಪಕ್ಕದಲ್ಲಿರುವವಳು ಇವಳೇ! ನಾನು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವಳು. ಇವಳ ಕಣ್ಣನ್ನೇ ತಪ್ಪಿಸಿದರೆ ಡಬ್ಬಿ ಪ್ರಪಂಚವನ್ನೇ ಗೆದ್ದ ಹಾಗೆ! ಹೀಗೆ ಲೆಕ್ಕ ಹಾಕಿ ಹತ್ತು ಸಿಗರೇಟು ತುಂಬಿದ ಡಬ್ಬಿಯನ್ನು ಎಡಜೇಬಿಗೆ ಇಳಿಸಿ, ಎದೆ ಸೆಟೆಸಿ ಮನೆಗೆ ನಡೆದೆ.

"ಯಾಕ್ರೀ ಎಡಗಡೆಗೆ ವಾಲ್ತಾ ಇದೀರಾ?" ಹೊಸ್ತಿಲಲ್ಲೇ ಮೊದಲ ಪ್ರಶ್ನೆ!

"ಕೆಲಸ ಜಾಸ್ತಿ. ಹೃದಯ ಭಾರ ಆಗಿದೆ."

"ಬಲಗಡೆ ಭುಜದ ಮೇಲೆ ಮಕ್ಕಳ ಚೀಲ ಹೊತ್ಕೊಳ್ಳಿ, ಸಮ ಆಗುತ್ತೆ."

ಊಟಕ್ಕೆ ಕೂತೆ. ಒಂದು ಸೀನು ಬಂತು. ಸೀನಿದೆ. ಜೇಬಿನೊಳಗೆ ಡಬ್ಬಿ 'ಟಿಕ್' ಎಂದು ಬಾಯಿಬಿಟ್ಟಿತು!

"ಏನದು ಸದ್ದು?"

"ಮೂಳೆ."

"ಯಾವ ಮೂಳೆ?"

"ಎದೆಯದು."

ಸುಳ್ಳು ಹೇಳುವವನು ಮೈಯ ಮಧ್ಯಭಾಗದ ಮೂಳೆಯ ತಂಟೆಗೆ ಹೋಗಬಾರದು. ಕಿರುಬೆರಳು ಎಂದಿದ್ದರೆ ಮುಗಿಯುತ್ತಿತ್ತು. ಅರ್ಧ ಗಂಟೆಯಲ್ಲಿ ನಾನು ಕುರ್ಚಿಯಲ್ಲಿ, ನನ್ನ ಎದೆಯ ಮೇಲೆ ಬಿಸಿನೀರಿನ ಚೀಲ! ಹಿತ್ತಾಳೆ ಕಾಯಿತು, ತಂಬಾಕು ಬೆಚ್ಚಗಾಯಿತು, ಮೂರು ವರ್ಷದಿಂದ ಮರೆತಿದ್ದ ಪರಿಮಳ ಮೂಗಿಗೇ ನೇರವಾಗಿ ಏರಿತು. ಅವಳ ಮೂಗಿನ ಹೊಳ್ಳೆಗಳೂ ಒಮ್ಮೆ ಅರಳಿದವು. ನಾನು ಬೆವೆತೆ. ಅವಳು "ಆ ಅಂಗಿ ಗುಂಡಿ ಸಡಿಲ ಆಗಿದೆ, ಬೆಳಿಗ್ಗೆ ಸ್ನಾನಕ್ಕೆ ಹೋಗೋವಾಗ ಬಾಗಿಲ ಹಿಂದೆ ನೇತು ಹಾಕಿ, ನೋಡ್ತೀನಿ" ಎಂದಳು ಅಷ್ಟೇ.

ವಾಸನೆಗೆ ಮದ್ದು ಬೇಕಾಯಿತು. ಮರುದಿನ ಡಬ್ಬಿಯ ಮೂಲೆಗೆ ಒಂದು ನುಸಿಗುಳಿಗೆಯ ಚೂರು ತುರುಕಿದೆ. ಟಿಕ್ ಎನ್ನುವ ಕೊಂಡಿಯನ್ನು ಅರದಿಂದ ಉಜ್ಜಿ ಬಿಗಿ ಮಾಡಿದೆ. ಆದರೆ ನಿಜವಾದ ಪವಾಡ ನಡೆದದ್ದು ಜೇಬಿನಲ್ಲಿ! ನಿನ್ನೆ ಜೋತು ಬಿದ್ದಿದ್ದ ಡಬ್ಬಿ ಇಂದು ಇದೆಯೋ ಇಲ್ಲವೋ ಎಂಬಂತೆ ಕೂತಿತ್ತು. ಉಬ್ಬಿಲ್ಲ, ವಾಲಿಲ್ಲ. ಕನ್ನಡಿಯ ಮುಂದೆ ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ, ಬಗ್ಗಿ ಬೂಟು ಕಟ್ಟಿದೆ. ಮಿಸುಕಲಿಲ್ಲ! ಹಿತ್ತಾಳೆ ಒಂದೇ ದಿನದಲ್ಲಿ ನನ್ನ ಎದೆಯ ಪಾಠ ಕಲಿತುಬಿಟ್ಟಿದೆ ಎಂದು ತೀರ್ಮಾನಿಸಿದೆ. ಕಾರ್ಖಾನೆಯಲ್ಲಿ ಹತ್ತು ಜನರಿಗೆ ಹೇಳಿಕೊಂಡು ತಿರುಗಿದೆ. ಮೂರನೆಯ ದಿನ ಬೇರೆ ಅಂಗಿ ಹಾಕಿದೆ, ಅದರಲ್ಲೂ ಹಾಗೆಯೇ!

"ರೀ, ನಿಮ್ಮ ಹತ್ರ ಬಂದ್ರೆ ಬೀರು ಬಾಗಿಲು ತೆಗೆದ ಹಾಗೆ ವಾಸನೆ ಬರುತ್ತಲ್ಲ?" ಎಂದಳು ನಾಲ್ಕನೆಯ ದಿನ.

"ವಯಸ್ಸಾಯ್ತಲ್ಲ."

"ಹಾಗಾದ್ರೆ ನುಸಿ ಹಿಡಿಯಲ್ಲ ಬಿಡಿ."

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ನನ್ನ ವಿಜಯಗಾಥೆಯಾಗುತ್ತಿತ್ತು. ಐದನೆಯ ದಿನ ಮಧ್ಯಾಹ್ನ ಕಾರ್ಖಾನೆಯ ಮಹಡಿ ಮೇಲೆ ಒಬ್ಬನೇ ನಿಂತಿದ್ದೆ. ಆಗ ನನ್ನೊಳಗಿನ ಕಲಾವಿದ ಕೇಳಿದ: ನುಸಿಗುಳಿಗೆಯಿಂದ ತಂಬಾಕಿನ ರುಚಿ ಕೆಟ್ಟಿದ್ದರೆ? ಪರೀಕ್ಷಿಸದೆ ಗಿರಾಕಿಗೆ ಕೊಡುವುದು ಧರ್ಮವೇ? ಧರ್ಮಕ್ಕಾಗಿ ಒಂದನ್ನು ಹಚ್ಚಿದೆ.

ಒಂದೇ ದಮ್ಮು! ಬೀರುವಿಗೆ ಬೆಂಕಿ ಬಿದ್ದು ಅದರ ಹೊಗೆಯನ್ನೆಲ್ಲ ನಾನೇ ಕುಡಿದ ಹಾಗಾಯಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಗೋಡೆ ಹಿಡಿದು ಕೆಮ್ಮಿದ ಆ ಕೆಮ್ಮು ಆಸ್ಪತ್ರೆಯ ಹಳೆಯ ಕೆಮ್ಮಿನ ಸ್ವಂತ ತಮ್ಮ. ಸಿಗರೇಟನ್ನು ಕಾಲಲ್ಲಿ ಹೊಸಕಿದೆ. ಆಗ ನಾಚಿಕೆಯಾಯಿತು. ಕೆಮ್ಮಿದಾಗ ಸೂಜಿ ನಿಲ್ಲಿಸಿ ನೋಡುವವಳು ಅಲ್ಲಿರಲಿಲ್ಲ, ಆದರೂ ನೋಡಿದಳೇನೋ ಎನಿಸಿತು.

ಆದರೆ ನಾಚಿಕೆಗಿಂತ ಮುಂಚೆ ಲೆಕ್ಕ ಸರಿಯಾಗಬೇಕಲ್ಲ! ಡಬ್ಬಿಯಲ್ಲಿ ಒಂಬತ್ತೇ. ಮೂಲೆಯ ಅಂಗಡಿಗೆ ಓಡಿದೆ. ನಮ್ಮ ಸಿಗರೇಟುಗಳ ಫಿಲ್ಟರ್ ಕಂದು. ಅಲ್ಲಿದ್ದದ್ದು ಬಿಳಿ ಫಿಲ್ಟರಿನದು ಮಾತ್ರ. ಒಂಬತ್ತು ಕಂದು ತಲೆಗಳ ನಡುವೆ ಒಂದು ನರೆತ ತಲೆ! ಸಂಜೆ ಮನೆಗೆ ಬಂದವನೇ ದಾರಿಯಲ್ಲಿ ಕೊಂಡ ಬೂಟಿನ ಕಂದು ಪಾಲಿಶ್ ತೆಗೆದು, ಬೆಂಕಿಕಡ್ಡಿಯ ತುದಿಯಲ್ಲಿ ಅದ್ದಿ, ಹಿತ್ತಿಲ ಬಾಗಿಲ ಮರೆಯಲ್ಲಿ ಕೂತು ಸಿಗರೇಟಿನ ತಲೆಗೆ ಬಣ್ಣ ಹಚ್ಚಿದೆ. ಹತ್ತೊಂಬತ್ತು ವರ್ಷದ ಗೆರೆಯ ಅನುಭವವೆಲ್ಲ ಅದರಲ್ಲಿ ಸುರಿದೆ. ಬಣ್ಣ ಸಿಗರೇಟಿಗೆ ಹತ್ತಿತು, ಬೆರಳಿಗೆ ಹತ್ತಿತು, ಎಲಾಸ್ಟಿಕ್ ಪಟ್ಟಿಗೂ ಹತ್ತಿತು. ಡಬ್ಬಿಯಿಂದ ಈಗ ಬೀರು, ಬೂಟು ಎರಡರ ವಾಸನೆ! ಮುಚ್ಚಿದವನು ಮತ್ತೆ ತೆರೆದು ನೋಡುವ ಧೈರ್ಯ ಮಾಡಲಿಲ್ಲ.

"ಬೆರಳಿಗೇನ್ರೀ ಆಗಿದೆ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ನಾನು ಜೇಬು ಮುಟ್ಟಿಕೊಂಡೆ. "ಬೂಟು ಪಾಲಿಶ್ ಮಾಡ್ದೆ."

ಅವಳು ಬಾಗಿಲ ಬಳಿಯಿದ್ದ ನನ್ನ ಕಪ್ಪು ಬೂಟುಗಳನ್ನು ನೋಡಿದಳು. "ಒಳ್ಳೇದು" ಎಂದಳು.

ಏಳನೆಯ ದಿನ ಕಾರ್ಖಾನೆಗೆ ಸಾಹುಕಾರರು ಬಂದರು. ಯಜಮಾನರು ಕೈ ಚಾಚಿದರು. ನಾನು ದೇವರನ್ನೆಲ್ಲ ನೆನೆದು ಡಬ್ಬಿ ಕೊಟ್ಟು ಕಣ್ಣು ಮುಚ್ಚಿಕೊಂಡೆ.

"ಭೇಷ್!" ಎಂದರು ಯಜಮಾನರು.

ಕಣ್ಣು ತೆರೆದೆ. ಹತ್ತು ಸಿಗರೇಟು. ಹತ್ತೂ ಕಂದು, ಹತ್ತೂ ನೆಟ್ಟಗೆ, ಹತ್ತೂ ಅಣ್ಣತಮ್ಮಂದಿರು! ಪಾಲಿಶಿನ ಗುರುತಿಲ್ಲ. ನುಸಿಗುಳಿಗೆ ಇಲ್ಲ. ಎಲಾಸ್ಟಿಕ್ ಪಟ್ಟಿ ಹೊಚ್ಚ ಹೊಸದು! ನಾನು ಇಂಗು ತಿಂದ ಮಂಗನಂತೆ ನಿಂತೆ.

ಸಾಹುಕಾರರು ಸಂತೋಷದಿಂದ ಡಬ್ಬಿಯನ್ನು ತಮ್ಮ ಅಂಗಿಯ ಜೇಬಿಗೆ ಇಳಿಸಿದರು. ಜೇಬು ಜೋತು ಬಿತ್ತು. ಸಾಹುಕಾರರೂ ಎಡಕ್ಕೆ ವಾಲಿದರು.

"ಏನ್ರೀ ಇದು, ಎದೆಗೆ ಇಟ್ಟಿಗೆ ಕಟ್ಟಿದ ಹಾಗಿದೆ! ಇದನ್ನ ಯಾರು ಕೊಳ್ತಾರೆ?"

"ನನ್ನ ಜೇಬಲ್ಲಿ ಸರಿಯಾಗಿತ್ತಲ್ಲ ಸ್ವಾಮಿ!" ಎಂದು ಡಬ್ಬಿಯನ್ನು ನನ್ನ ಜೇಬಿಗೆ ಹಾಕಿ ತೋರಿಸಿದೆ. ಮಾಯವಾಯಿತು. ಅವರ ಜೇಬಿಗೆ ಹಾಕಿದೆ, ಇಟ್ಟಿಗೆ. ಯಜಮಾನರಿಗೆ ಅನುಮಾನ ಬಂತು. ನೇರವಾಗಿ ನನ್ನ ಜೇಬಿಗೆ ಕೈ ಹಾಕಿ ಅದನ್ನು ಹೊರಮಗ್ಗುಲಾಗಿ ಎಳೆದರು. ಜೇಬಿನೊಳಗೆ ಇನ್ನೊಂದು ಜೇಬು! ಮೆತ್ತನೆ ಬಟ್ಟೆಯದು, ಡಬ್ಬಿಯ ಬಾಗಿಗೆ ತಕ್ಕಂತೆ ಓರೆಯಾಗಿ ಕತ್ತರಿಸಿ, ಭಾರ ಭುಜದ ಹೊಲಿಗೆಗೆ ಬೀಳುವಂತೆ ಒಂದು ಪಟ್ಟಿಯಿಂದ ಮೇಲಕ್ಕೆ ಕಟ್ಟಿದ್ದು. ಹೊಲಿಗೆಯ ಕೊನೆಯಲ್ಲಿ ಮೂರು ಸಲ ಹಿಂದಕ್ಕೆ ಹೋಗಿ ಬಂದ ದಾರ. ಆ ದಾರ ನನಗೆ ಗೊತ್ತು. ನನ್ನ ಮೈಮೇಲಿನ ಅಂಗಿಗಳೆಲ್ಲ ಹಾಗೆಯೇ ಮುಗಿಯುತ್ತವೆ.

"ಇದನ್ನ ಹೊಲಿದೋರು ಯಾರು? ಕರೀರಿ ಅವರನ್ನ!" ಎಂದರು ಸಾಹುಕಾರರು.

ಅವಳು ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದಳು. ಸಾಹುಕಾರರ ಜೇಬು ನೋಡಿದಳು, ಡಬ್ಬಿಯನ್ನು ತಿರುಗಿಸಿ ನೋಡಿದಳು.

"ಡಬ್ಬಿ ಬಹಳ ಚೆನ್ನಾಗಿದೆ. ಆದ್ರೆ ಬಾಗು ಇವರೊಬ್ಬರ ಎದೆಗೆ ಸರಿಯಾಗಿದೆ. ಎಲ್ಲರ ಎದೆ ಇವರಷ್ಟು ಉಬ್ಬಿರಲ್ಲ." ನಾನು ಎದೆಯನ್ನು ಸ್ವಲ್ಪ ಒಳಗೆಳೆದುಕೊಂಡೆ. "ಡಬ್ಬಿ ಜೊತೆ ಒಂದು ಬಟ್ಟೆ ಒರೆ ಕೊಡಿ. ಒರೆಗೆ ಪಟ್ಟಿ, ಪಟ್ಟಿಗೆ ಗುಂಡಿ. ಯಾವ ಜೇಬಿಗೆ ಬೇಕಾದ್ರೂ ಒಳಗಿಂದ ಸಿಕ್ಕಿಸ್ಕೋಬಹುದು."

ಅಲ್ಲೇ ನಾಲ್ಕು ಪಿನ್ನು ಚುಚ್ಚಿ ತೋರಿಸಿದಳು. ಸಾಹುಕಾರರು ನೆಟ್ಟಗಾದರು! ಡಬ್ಬಿ ಒಪ್ಪಿಗೆಯಾಯಿತು, ಒರೆಯೂ ಒಪ್ಪಿಗೆಯಾಯಿತು. ಒರೆಯ ಕೆಲಸ ಅವಳಿಗೇ ಎಂದು ನಿರ್ಧಾರವಾಯಿತು.

ಯಜಮಾನರು ರಟ್ಟಿನ ಪುಸ್ತಕ ನನ್ನ ಮುಂದೆ ತಳ್ಳಿದರು. 'ಹೋದದ್ದು' ಎಂಬಲ್ಲಿ ಹತ್ತು ಎಂದು ಬರೆದೆ. 'ಬಂದದ್ದು' ಎಂಬಲ್ಲಿ ಪೆನ್ನು ನಿಂತಿತು. ಮೇಜಿನ ಮೇಲೆ ಕಣ್ಣೆದುರಿಗೇ ಹತ್ತು ಇದ್ದವು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಪಿನ್ನುಗಳನ್ನು ತನ್ನ ಸೂಜಿ ಡಬ್ಬಿಗೆ ಹಾಕಿಕೊಳ್ಳುತ್ತಿದ್ದಳು. ಆ ಕೈ ನೋಡಿದೆ. ಒಂಬತ್ತು ಎಂದು ಬರೆದು ಸಹಿ ಹಾಕಿದೆ.

ಯಜಮಾನರು ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. "ನಮ್ಮಪ್ಪನ ಕಾಲದಿಂದ ಈ ಪುಸ್ತಕದಲ್ಲಿ ಕಡಿಮೆ ಬರೆದೋರು ನೀವೊಬ್ಬರೇ. ಉಳಿದೋರೆಲ್ಲ ಕಬ್ಬಿಣದೋರು ಅಂತ ಕಾಣುತ್ತೆ," ಎಂದು ನಕ್ಕು ಪುಸ್ತಕ ಮುಚ್ಚಿದರು.

ಮನೆಯ ದಾರಿಯಲ್ಲಿ ಕೇಳಿದೆ, "ಯಾವತ್ತು ಗೊತ್ತಾಯ್ತು?"

"ಮೊದಲನೇ ದಿನವೇ. ಜೇಬು ಹೊಲಿದೋಳು ನಾನು, ನನಗೆ ಗೊತ್ತಾಗಲ್ವಾ?"

"ಕೇಳಬಾರದಿತ್ತಾ?"

"ಎಣಿಸಿದೆ, ಹತ್ತಿತ್ತು. ಮಾರನೇ ದಿನವೂ ಹತ್ತು. ದಿನಾ ನೀವು ಸ್ನಾನದ ಮನೇಲಿ ಹಾಡೋವಾಗ ಎಣಿಸ್ತಿದ್ದೆ. ಹತ್ತು ಅಂತ ಆದಾಗೆಲ್ಲ ಎಷ್ಟು ಖುಷಿ ಆಗ್ತಿತ್ತು ಗೊತ್ತಾ? ಎದೆ ಮೇಲೆ ಇಟ್ಕೊಂಡೂ ಮುಟ್ಟಲ್ವಲ್ಲ, ಇಂಥೋರಿಗೆ ಜೇಬು ಹರೀಬಾರದು ಅಂತ ಹೊಲಿದೆ."

ಆಮೇಲೆ ಮೆಲ್ಲಗೆ, "ಐದನೇ ದಿನ..." ಎಂದೆ.

"ಪಾಲಿಶ್ ನೋಡಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಯಜಮಾನರ ಮುಂದೆ ಮಾನ ಹೋಗುತ್ತಲ್ಲ ಪಾಪ ಅಂತ ಪೇಟೆಗೇ ಹೋಗಿ ಒಂದು ಕಂದು ತಲೇದು ಕೇಳಿದೆ. ಅಂಗಡಿಯವನು, 'ಬೆಂಕಿಪೊಟ್ಟಣ ಬೇಕಾ ಅಮ್ಮಾ?' ಅಂತಾನೆ! ಹಿಂದೆ ನಿಂತಿದ್ದೋರು ಯಾರು ಗೊತ್ತಾ? ಮಕ್ಕಳ ಶಾಲೆ ಹೆಡ್ಮೇಡಮ್ಮು!"

ನಾನು ನಡುಬೀದಿಯಲ್ಲೇ ಕೈ ಮುಗಿದೆ. ನಗುತ್ತ ಮುಗಿದದ್ದಲ್ಲ. ಈ ಲೋಕದಲ್ಲಿ ನನ್ನ ಮಾನ ಕಾಯಲು ತನ್ನ ಮಾನ ಕಳೆದುಕೊಂಡು ಸಿಗರೇಟು ಕೊಳ್ಳುವ ಜೀವ ಒಂದಿದೆ ಎಂದರೆ, ಅದಕ್ಕಿಂತ ಏನು ಬೇಕು? ಅವತ್ತಿನಿಂದ ಇವತ್ತಿನವರೆಗೆ ಒಂದು ದಮ್ಮೂ ಎಳೆದಿಲ್ಲ.

ಎರಡು ವಾರದಲ್ಲಿ ಚುರುಟಿನ ಡಬ್ಬಿಯ ಮಾದರಿಯೂ ಸಿದ್ಧವಾಯಿತು. ಮೂರು ಬೆರಳು ಜೋಡಿಸಿದ ಆಕಾರ, ಮೇಲೆ ಚರ್ಮದ ಹೊದಿಕೆ. ಯಜಮಾನರು ಅದನ್ನು ಜೇಬಿನ ಪರೀಕ್ಷೆಗೆಂದು ನನ್ನ ಕೈಯ ಮೇಲಿಂದ ದಾಟಿಸಿ, ಒರೆ ಕೊಡಲು ಬಂದಿದ್ದ ನನ್ನ ಹೆಂಡತಿಯ ಕೈಗೆ ಕೊಟ್ಟರು! ನನಗೆ ಸ್ವಲ್ಪ ಅವಮಾನವಾಯಿತು. ಮನೆಗೆ ಬಂದು, "ಇಲ್ಲಿ ಕೊಡೇ, ನಾನೇ ಇಟ್ಕೋತೀನಿ. ಮೂರೇ ಮೂರು ಚುರುಟು! ನಾನು ಕಬ್ಬಿಣದ ಮನುಷ್ಯ..." ಎಂದು ಮೇಜು ಗುದ್ದಲು ಕೈ ಎತ್ತಿದೆ.

ಅವಳು ಹೊಲಿಗೆ ಯಂತ್ರದ ಡ್ರಾ ಎಳೆದು, ದಾರದುಂಡೆಗಳ ಕೆಳಗಿಂದ ಆ ಪಾಲಿಶ್ ಹಚ್ಚಿದ ಸಿಗರೇಟನ್ನು ಎರಡು ಬೆರಳಲ್ಲಿ ಎತ್ತಿ, ಕಂದು ತಲೆಯನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಹೌದು ರೀ, ಕಬ್ಬಿಣವೇ. ತುಕ್ಕು ಇಲ್ಲೇ ಇದೆ, ನೋಡಿ!"