ಆನ್ಸೆಲ್ಮನ ರಕಾರ ತಪಸ್ಸು

ಅರುವತ್ತೆಂಟನೆಯ ವಯಸ್ಸಿನಲ್ಲಿ, ಟೂರ್ ಪಟ್ಟಣದ ತನ್ನ ಮನೆಯ ಊಟದ ಮೇಜಿನೆದುರು ನಿಂತು, ಈಸ್ಟರಿನೊಳಗೆ ತಾನು ಶಾಸ್ತ್ರೀಯ ಗಾಯಕನಾಗಿಯೇ ತೀರುವೆನೆಂದು ಆನ್ಸೆಲ್ಮ್ ಸಾರಿದನು. ಇಗರ್ಜಿಯ ಗಾಯನವೃಂದದಲ್ಲಿ ನಾಲ್ಕು ಸಾಲನ್ನು ಒಬ್ಬನೇ ಹಾಡುವ ಭಾಗ್ಯ ಅವನಿಗೆ ಒದಗಿತ್ತು.

"ಇಡೀ ಫ್ರಾನ್ಸಿನಲ್ಲಿ ಫ್ರೆಂಚನ್ನ ಶುದ್ಧವಾಗಿ ಆಡೋರು ನಾವು, ಟೂರಿನವರು. ಉಚ್ಚಾರಣೆಯನ್ನ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ."

"ಹಾಡೋಕೆ ರಾಗಾನೂ ಬೇಕಾಗತ್ತೇನೋ," ಎಂದಳು ಹೆಂಡತಿ ಸೊಲಾಂಜ್, ಆಲೂಗಡ್ಡೆ ಸುಲಿಯುತ್ತ.

ರಾಗಕ್ಕೆ ಧಕ್ಕೆ ಬರಲಿಲ್ಲ. ಧಕ್ಕೆ ಬಂದದ್ದು ಶುದ್ಧ ಫ್ರೆಂಚಿಗೇ. ವೃಂದದ ನಿರ್ದೇಶಕಿ ಕೈಸಾ ಫಿನ್ಲೆಂಡಿನವಳು. ಮೊದಲ ಸಾಲಿಗೇ ಕೈಯೆತ್ತಿ ನಿಲ್ಲಿಸಿದಳು.

"ನಿಮ್ಮ ರಕಾರ ಗಂಟಲಿಂದ ಬರ್ತಿದೆ. ಮಾತಿಗೆ ಅದು ಸರಿ. ಈ ಹಳೇ ಹಾಡಿಗೆ ಅದು ನಾಲಿಗೆ ತುದಿಯಿಂದ ಬರ್ಬೇಕು."

"ಅಮ್ಮಾ, ನಾನು ಟೂರಿನವನು."

"ಗೊತ್ತು. ತೊಂದರೆ ಆಗಿರೋದೇ ಅದರಿಂದ."

ನಾಲಿಗೆಯ ತುದಿ ಅಂಗುಳನ್ನು ತಟ್ಟಿ ಹೊರಡಿಸುವ ರಕಾರ ನಮ್ಮ ಕನ್ನಡದ ಮಕ್ಕಳಿಗೆ ತೊಟ್ಟಿಲಲ್ಲೇ ಸಿದ್ಧಿಸುತ್ತದೆ. ಟೂರಿನವರಿಗೆ ಅದು ಹಳ್ಳಿಯವರ ಗುರುತು. ನಲವತ್ತೊಂದು ವರ್ಷಗಳ ಹಿಂದೆ ಸೊಲಾಂಜ್ ಬರ್ಗಂಡಿಯ ದ್ರಾಕ್ಷಿತೋಟದಿಂದ ಇದೇ ರಕಾರವನ್ನು ತವರಿನ ಬಳುವಳಿಯಂತೆ ತಂದಿದ್ದಳು. ಮದುವೆಯ ಊಟದ ಕೊನೆಗೆ, ಅಲ್ಲಿಯ ವಾಡಿಕೆಯಂತೆ, ಎದ್ದು ನಿಂತು ಹಾಡತೊಡಗಿದಳು. ಎರಡನೆಯ ಚರಣದ ಹೊತ್ತಿಗೆ ಆನ್ಸೆಲ್ಮನ ತಾಯಿ ಅವಳ ರಕಾರವನ್ನು ಅಣಕಿಸಿದರು. ಊಟದ ಮೇಜಿಗೆ ಮೇಜೇ ನಕ್ಕಿತು. ಮದುಮಗನೂ ನಕ್ಕನು. ಸೊಲಾಂಜ್ ಕುಳಿತುಬಿಟ್ಟಳು. ಒಂದೇ ವರ್ಷದಲ್ಲಿ ಟೂರಿನ ರಕಾರ ಕಲಿತಳು. ಹಾಡನ್ನು ಮಾತ್ರ ಮತ್ತೆ ಬಾಯಿಗೆ ತರಲಿಲ್ಲ. ಆ ಹಾಡಿನ ಉಳಿದ ಭಾಗ ಕೇಳಬೇಕೆಂಬ ಆಸೆ ಆನ್ಸೆಲ್ಮನ ಎದೆಯಲ್ಲಿ ಅಂದಿನಿಂದಲೂ ಇತ್ತು. ಕೇಳುವ ಮುಖ ಇರಲಿಲ್ಲ.

ಹೀಗಾಗಿ ಅವನು ರಕಾರದ ತಪಸ್ಸನ್ನು ಗುಟ್ಟಾಗಿ, ಸ್ನಾನದ ಮನೆಯಲ್ಲಿ, ನಲ್ಲಿ ತೆರೆದಿಟ್ಟು ಕೈಗೊಂಡನು. ಹಲ್ಲುಗಳ ನಡುವೆ ವೈನ್ ಬಾಟಲಿಯ ಬಿರಡೆ ಕಚ್ಚಿಕೊಂಡು, 'ರ' ಇರುವಲ್ಲೆಲ್ಲ 'ದ' ಎಂದು ಬೇಗ ಬೇಗ ಹೇಳಬೇಕೆಂಬುದು ಕೈಸಾಳ ಉಪದೇಶ.

"ಒಳಗೆ ಮೋಟಾರ್ ಸೈಕಲ್ ಇಟ್ಕೊಂಡಿದ್ದೀಯಾ?" ಸೊಲಾಂಜ್ ಬಾಗಿಲು ತಟ್ಟಿದಳು.

"ಗಂಟಲು ತೊಳೀತಿದ್ದೆ."

"ನಲವತ್ತು ನಿಮಿಷ? ಅಷ್ಟೊಂದು ಕೊಳೆ ಇತ್ತಾ, ಮಾರಾಯ?"

ಶನಿವಾರ ಅವಳು ಸಂತೆಗೆ ಹೋದಾಗ ತಪಸ್ವಿಗೆ ಧೈರ್ಯ ಬಂತು. ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತು, ಬಿರಡೆ ಕಚ್ಚಿ, ಎದೆ ತುಂಬ ಉಸಿರೆಳೆದು, ದೇಹದಲ್ಲಿದ್ದ ಶಕ್ತಿಯನ್ನೆಲ್ಲ ನಾಲಿಗೆಯ ತುದಿಗೆ ಕಳಿಸಿದನು. ರಕಾರ ಬರಲಿಲ್ಲ. ಬಿರಡೆ ಬಂತು, ಬಿರಡೆಯ ಹಿಂದೆ ಮೇಲ್ದವಡೆಯ ಹಲ್ಲಿನ ಸೆಟ್ಟೂ ಹಾರಿ, ಕುದಿಯುತ್ತಿದ್ದ ಆಲೂಗಡ್ಡೆ ಸೂಪಿನೊಳಕ್ಕೆ ಇಳಿಯಿತು.

ಸೌಟು ಹಿಡಿದು ಅವನು ಆಳ ನೋಡುತ್ತಿರುವಾಗಲೇ ಸೊಲಾಂಜ್ ಬುಟ್ಟಿಯೊಡನೆ ಒಳಗೆ ಬಂದಳು.

"ಏನು ಹುಡುಕ್ತಿದ್ದೀಯ?"

ಅವನು ಬಾಯಿ ತೆರೆದು ತೋರಿಸಿದನು. ಅವಳು ಸೌಟು ಕಿತ್ತುಕೊಂಡು ಎರಡನೆಯ ಸಲಕ್ಕೇ ಹಲ್ಲನ್ನು ಮೇಲೆತ್ತಿದಳು. ಅವನು ತೊದಲುತ್ತ ಎಲ್ಲವನ್ನೂ ಒಪ್ಪಿಕೊಂಡನು: ಕೈಸಾ, ಬಿರಡೆ, ಸ್ನಾನದ ಮನೆ. ಸೊಲಾಂಜ್ ಪಾತ್ರೆ ತೊಳೆಯುವ ತೊಟ್ಟಿಯ ಅಂಚು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಿನಗೆ ರ ಬರಲ್ವಾ? ನಿನಗಾ?"

ಆ ನಗುವಿನಲ್ಲಿ ಅವಳ ಹಳೆಯ ರಕಾರ ನಾಲಿಗೆಯ ತುದಿಯಲ್ಲಿ ಗಿರ್ರನೆ ತಿರುಗಿತು. ಇಬ್ಬರಿಗೂ ಅದು ಕೇಳಿಸಿತು.

"ಅವತ್ತು ನಾನು ನಗಬಾರದಾಗಿತ್ತು," ಎಂದನು ಆನ್ಸೆಲ್ಮ್. ಹಲ್ಲಿಲ್ಲದ ಬಾಯಿ, ಒಂದಕ್ಷರವೂ ನೆಟ್ಟಗೆ ಹೊರಡಲಿಲ್ಲ. ಆದರೂ ಅವಳಿಗೆ ತಿಳಿಯಿತು.

ಅವಳು ಹಲ್ಲನ್ನು ನಿಧಾನವಾಗಿ ತೊಳೆದಳು. "ನೀನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ."

"ಹೌದು."

"ತಗೋ, ಹಾಕ್ಕೋ. ಸಂಜೆ ನಾನು ಹೇಳಿಕೊಡ್ತೀನಿ."

ಅಂದಿನಿಂದ ಪ್ರತಿ ಸಂಜೆ ಅವಳು ಇಗರ್ಜಿಯ ಹಾಡಿನ ಮೊದಲ ಸಾಲು ಹಾಡಿ ತೋರಿಸುವಳು, ಅವನು ತಪ್ಪುವನು, ಅವಳು ಮತ್ತೆ ಹಾಡುವಳು. ಕಂಠ ಮೊದಲಿಗಿಂತ ತಗ್ಗಿತ್ತು, ಮೇಲಿನ ಸ್ವರದಲ್ಲಿ ತುಸು ಒಡೆಯುತ್ತಿತ್ತು. ಆದರೆ ಮದುವೆಯ ಮಧ್ಯಾಹ್ನದ ಕಂಠವೇ ಅದು. ಬುಧವಾರ ಬೆಳಿಗ್ಗೆ ಗಡ್ಡ ಹೆರೆಯುತ್ತಿರುವಾಗ ರಕಾರ ತಾನೇ ತಾನಾಗಿ ಬಂದುಬಿಟ್ಟಿತು. ಆನ್ಸೆಲ್ಮ್ ಗಾಬರಿಯಿಂದ ಟವಲನ್ನು ಬಾಯಿಗೆ ತುರುಕಿಕೊಂಡನು. ಆ ಸಂಜೆ ಹಿಂದೆಂದಿಗಿಂತಲೂ ಕೆಟ್ಟದಾಗಿ ತಪ್ಪಿದನು. "ಇನ್ನೊಂದ್ಸಲ ತೋರಿಸು," ಎಂದನು. ಗುರುವಾರವೂ ತಪ್ಪಿದನು. ಶುಕ್ರವಾರ ಆರು ಸಲ ತಪ್ಪಿದನು.

ಶನಿವಾರ ರಾತ್ರಿಯ ಊಟಕ್ಕೆ ಸೂಪು ಬಡಿಸುತ್ತ ಸೊಲಾಂಜ್ ಹೇಳಿದಳು: "ನಾಳೆ ಈಸ್ಟರ್, ಇಗರ್ಜಿಯಲ್ಲಿ ಸರಿಯಾಗಿ ಹಾಡು. ರ ನಿನಗೆ ಬುಧವಾರವೇ ಬಂದಿದೆ. ಸ್ನಾನದ ಮನೆ ಬಾಗಿಲು ಅಷ್ಟೇನೂ ದಪ್ಪ ಇಲ್ಲ."

ಆನ್ಸೆಲ್ಮನ ಚಮಚ ಅರ್ಧದಲ್ಲೇ ನಿಂತಿತು.

"ನನ್ನ ಹಾಡು ಕೇಳ್ಬೇಕು ಅನಿಸಿದ್ರೆ ಬಾಯಿಬಿಟ್ಟು ಕೇಳ್ಬಾರ್ದಾ, ಪೆದ್ದ? ಯಾವುದು ಬೇಕು?"

"ಅವತ್ತು ಅರ್ಧಕ್ಕೆ ನಿಂತದ್ದು."

"ನಿಂತಲ್ಲಿಂದ್ಲಾ, ಮೊದಲಿಂದ್ಲಾ?"

"ಮೊದಲಿಂದ."

ಅವಳು ಕುರ್ಚಿ ಹಿಂದಕ್ಕೆ ಸರಿಸಿ, ಮದುವೆಯ ದಿನದಂತೆಯೇ ಎದ್ದು ನಿಂತಳು. ಆಮೇಲೆ ಏನೋ ನೆನಪಾಗಿ, ಸೂಪಿನ ಪಾತ್ರೆಯನ್ನು ಅವನಿಂದ ಒಂದು ಮೊಳ ದೂರ ಇಟ್ಟಳು.

"ಈ ಸಲ ನಗು ಬಂದ್ರೆ ಬಾಯಿ ಮುಚ್ಚಿ ನಗು," ಎಂದಳು.